ಬೆತ್ತಲೆ ಮೈ, ಅಶ್ಲೀಲ ಕೃತ್ಯ: ಕೋರ್ಟು ಗೆರೆ ಎಳೆಯುವುದು ಎಲ್ಲಿ?

ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತರೆ ಜೈಲು ಖಚಿತ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಭಾರತೀಯ ನ್ಯಾಯ ಸಂಹಿತೆಯನ್ನು ಮೊದಲಿಂದ ಕೊನೆಯವರೆಗೆ ಮಗುಚಿ ಹಾಕಿದರೂ ‘ಬೆತ್ತಲೆ ಇರುವುದೇ ಅಪರಾಧ’ ಎನ್ನುವ ಕಲಂ ಸಿಗುವುದಿಲ್ಲ. ಸಿಗುವುದು 296ನೇ ಕಲಂ. ಇತರರಿಗೆ ಕಿರಿಕಿರಿಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಕೃತ್ಯ ಎಸಗಿದರೆ, ಅಥವಾ ಸಾರ್ವಜನಿಕ ಸ್ಥಳದಲ್ಲೋ ಅದರ ಸಮೀಪದಲ್ಲೋ ಅಶ್ಲೀಲ ಹಾಡು ಹಾಡಿದರೆ, ಮಾತಾಡಿದರೆ, ಮೂರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ ಜಾಮೀನು ಆರೋಪಿಯ ಹಕ್ಕು. ಇಷ್ಟೇ ಚಿಕ್ಕ ಕಲಂ. ಅದರ ಸುತ್ತ ಬೆಳೆದಿರುವ ತೀರ್ಪುಗಳು ಮಾತ್ರ ಕಪಾಟು ತುಂಬುವಷ್ಟಿವೆ.

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳೋಣ. 2024ರ ಜುಲೈ 1ಕ್ಕೆ ಮುಂಚೆ ಇದೇ ಅಪರಾಧ ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 294 ಆಗಿತ್ತು. ಹೊಸ ಸಂಹಿತೆಯಲ್ಲೂ 294 ಇದೆ, ಆದರೆ ಅದು ಅಶ್ಲೀಲ ಪುಸ್ತಕ, ಚಿತ್ರ ಮಾರುವುದಕ್ಕೆ ಸಂಬಂಧಿಸಿದ್ದು, ಅಂದರೆ ಹಳೆಯ 292. ಸುದ್ದಿಯಲ್ಲಿ ಬರೀ ‘ಸೆಕ್ಷನ್ 294’ ಎಂದು ಕಂಡರೆ ಘಟನೆ ನಡೆದ ದಿನಾಂಕ ನೋಡದೆ ಏನನ್ನೂ ಊಹಿಸಬೇಡಿ. 2024ರ ಜುಲೈಗಿಂತ ಹಿಂದಿನ ಘಟನೆಗೆ ಇಂದಿಗೂ ಐಪಿಸಿಯೇ ಅನ್ವಯ.

296ರ ಪ್ರಕರಣ ನಿಲ್ಲಬೇಕಾದರೆ ಪ್ರಾಸಿಕ್ಯೂಷನ್ ಮೂರು ವಿಷಯ ರುಜುವಾತು ಮಾಡಬೇಕು: ಕೃತ್ಯ ಅಶ್ಲೀಲವಾಗಿತ್ತು, ಅದು ನಡೆದ ಜಾಗ ಸಾರ್ವಜನಿಕವಾಗಿತ್ತು, ಅದರಿಂದ ಯಾರಿಗೋ ನಿಜವಾಗಿ ಕಿರಿಕಿರಿಯಾಯಿತು. ಮೂರರಲ್ಲಿ ಒಂದು ಬಿದ್ದರೂ ಪ್ರಕರಣ ಬೀಳುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಸ್ಪಷ್ಟವಾಗಿ ಹೇಳಿದೆ. ಟಿವಿ ಚರ್ಚೆಗಳೆಲ್ಲ ಮೊದಲನೆಯದರ ಸುತ್ತ ಗಿರಕಿ ಹೊಡೆಯುತ್ತವೆ. ಕೋರ್ಟಿನಲ್ಲಿ ಹೆಚ್ಚಾಗಿ ಮುಗ್ಗರಿಸುವುದು ಮೂರನೆಯದರಲ್ಲಿ.

ಅಶ್ಲೀಲ ಎಂದರೇನು ಎಂದು 296 ಹೇಳುವುದಿಲ್ಲ. ಪುಸ್ತಕ, ಚಿತ್ರಗಳ ಪ್ರಕರಣಗಳಲ್ಲಿ ರೂಪುಗೊಂಡ ಅಳತೆಗೋಲನ್ನೇ ನ್ಯಾಯಾಲಯಗಳು ಇಲ್ಲಿಗೂ ತಂದುಕೊಂಡಿವೆ. ಹಳೆಯ ಅಳತೆ 1868ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪಿನದು: ಸುಲಭವಾಗಿ ಕೆಡಬಲ್ಲ ಮನಸ್ಸಿನವರ ಕೈಗೆ ಇದು ಸಿಕ್ಕರೆ ಅವರನ್ನು ಕೆಡಿಸುತ್ತದೆಯೇ? ನಮ್ಮ ಸುಪ್ರೀಂ ಕೋರ್ಟ್ 1964ರಲ್ಲಿ ಇದನ್ನು ಅಲ್ಪಸ್ವಲ್ಪ ತಿದ್ದಿ ಒಪ್ಪಿಕೊಂಡಿತ್ತು. ಈ ಅಳತೆಯ ದೋಷ ಏನೆಂದರೆ, ಸಮಾಜದಲ್ಲಿ ಅತಿ ಬೇಗ ವಿಚಲಿತನಾಗುವವನೇ ಎಲ್ಲರಿಗೂ ಮಾಪಕನಾಗಿಬಿಡುತ್ತಾನೆ. ಇಡೀ ಕೃತಿಯಿಂದ ಒಂದು ಪುಟವನ್ನು ಕಿತ್ತು ತಂದು ‘ನೋಡಿ’ ಎನ್ನುವುದಕ್ಕೂ ಅದು ದಾರಿ ಮಾಡಿಕೊಟ್ಟಿತ್ತು.

ಬದಲಾವಣೆ ಬಂದದ್ದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವಿ ಪತ್ನಿ ಬಾರ್ಬರಾ ಫೆಲ್ಟಸ್ ಜೊತೆ ಬೆತ್ತಲಾಗಿ ನಿಂತ ಚಿತ್ರ ಜರ್ಮನಿಯ ಸ್ಟರ್ನ್ ಪತ್ರಿಕೆಯಲ್ಲಿ ಬಂದಿತ್ತು. ತೆಗೆದವರು ಬಾರ್ಬರಾ ಅವರ ತಂದೆಯೇ. ಬೆಕರ್ ಬಿಳಿಯ, ಬಾರ್ಬರಾ ಕಪ್ಪು ಮೈಬಣ್ಣದವರು. ವರ್ಣಭೇದವನ್ನು ಖಂಡಿಸುವುದು ಆ ಚಿತ್ರದ ಉದ್ದೇಶವಾಗಿತ್ತು. 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಅದನ್ನು ಮರುಮುದ್ರಿಸಿದಾಗ ವಕೀಲರೊಬ್ಬರು ದೂರು ಕೊಟ್ಟರು. ಎರಡು ದಶಕಗಳ ನಂತರ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ಹಿಕ್ಲಿನ್ ಅಳತೆಯನ್ನು ಕೈಬಿಟ್ಟು, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ದೃಷ್ಟಿಯಿಂದ ನೋಡಬೇಕು ಎಂದಿತು. ಬೆತ್ತಲೆ ಹೆಣ್ಣಿನ ಚಿತ್ರ ಎಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗದು. ಅದು ಕಾಮವನ್ನು ಕೆರಳಿಸುವಂತಿರಬೇಕು, ಇಲ್ಲವೇ ಕಾಮೇಚ್ಛೆಯನ್ನು ಎದ್ದು ಕಾಣುವಂತೆ ತೋರಿಸಬೇಕು. ಭಂಗಿ, ಹಿನ್ನೆಲೆ, ಚಿತ್ರ ಏನು ಹೇಳಹೊರಟಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಬೆತ್ತಲೆ ಕಂಡಾಗ ನೋಡುವವನಲ್ಲಿ ಏನು ಹುಟ್ಟುತ್ತದೆ ಎಂಬ ಪ್ರಶ್ನೆ ಇದಕ್ಕೂ ಹಳೆಯದು. ಫೂಲನ್ ದೇವಿಯ ಬದುಕಿನ ಚಲನಚಿತ್ರದ ಬಗ್ಗೆ 1996ರಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಅವಳನ್ನು ಊರ ಬಾವಿಯ ಬಳಿ ಬೆತ್ತಲೆ ಮಾಡಿದ ದೃಶ್ಯವನ್ನೇ ಎತ್ತಿಕೊಂಡಿತು. ಅದನ್ನು ನೋಡಿದವರಿಗೆ ಹೇಸಿಗೆ ಹುಟ್ಟುವುದು ಆ ಕೃತ್ಯ ಎಸಗಿದವರ ಮೇಲೆ, ಅವಳ ಮೇಲೆ ಮರುಕ ಹುಟ್ಟುತ್ತದೆ, ಕಾಮ ಅಲ್ಲ ಎಂದಿತು.

2023ರ ಜೂನಿನಲ್ಲಿ ಕೇರಳ ಹೈಕೋರ್ಟ್ ಈ ತರ್ಕವನ್ನು ಮನೆಯೊಳಗೆ ಕೊಂಡೊಯ್ದಿತು. ಕಾರ್ಯಕರ್ತೆಯೊಬ್ಬರು ತಮ್ಮ ಬರಿಯ ಎದೆಯ ಮೇಲೆ ಮಕ್ಕಳಿಂದ ಚಿತ್ರ ಬರೆಸಿಕೊಂಡ ವಿಡಿಯೊ 2020ರಲ್ಲಿ ಹರಿದಾಡಿತ್ತು. ಅವರ ಮೇಲೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ, ಬಾಲನ್ಯಾಯ ಕಾಯ್ದೆಗಳ ಕಲಂಗಳನ್ನು ಹಾಕಲಾಗಿತ್ತು. ನಗ್ನತೆ ಬೇರೆ, ಅಶ್ಲೀಲತೆ ಬೇರೆ, ಎಲ್ಲ ಸಲವೂ ಒಂದೇ ಆಗಬೇಕಿಲ್ಲ ಎಂದು ಹೇಳಿ ನ್ಯಾಯಮೂರ್ತಿ ಕೌಸರ್ ಎಡಪ್ಪಗತ್ ಆ ಕಾರ್ಯಕರ್ತೆಯನ್ನು ಆರೋಪಮುಕ್ತಗೊಳಿಸಿದರು. ತ್ರಿಶ್ಶೂರಿನ ಪುಲಿಕ್ಕಳಿಯಲ್ಲಿ ಗಂಡಸರು ಬರಿಮೈಗೆ ಹುಲಿ ಬಣ್ಣ ಬಳಿದುಕೊಂಡರೆ ಸಂಪ್ರದಾಯ, ಹೆಂಗಸಿನ ಮೈಗೆ ಬಣ್ಣ ಬಿದ್ದರೆ ಮಾತ್ರ ಅಶ್ಲೀಲವೇ ಎಂಬುದು ತೀರ್ಪಿನ ಒಂದು ಎಳೆ. ಮಂಗಳೂರು, ಉಡುಪಿಯ ಹುಲಿವೇಷ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುತೂಹಲದ ಸಂಗತಿ: ಇದೇ ವಿಡಿಯೊ ಕುರಿತ ನಿರೀಕ್ಷಣಾ ಜಾಮೀನನ್ನು 2020ರಲ್ಲಿ ಇದೇ ಹೈಕೋರ್ಟಿನ ಇನ್ನೊಂದು ಪೀಠ ನಿರಾಕರಿಸಿತ್ತು, ಸುಪ್ರೀಂ ಕೋರ್ಟೂ ಕೊಡಲಿಲ್ಲ. ಜಾಮೀನಿನ ಹಂತದಲ್ಲಿ ಕೋರ್ಟು ಕೇಳುವುದು ತನಿಖೆ ನಡೆಯಬೇಕಾದ ವಿಷಯ ಇದೆಯೇ ಎಂದು. ಆರೋಪಮುಕ್ತಿಯ ಹಂತದಲ್ಲಿ ಕೇಳುವುದು ಅಪರಾಧದ ಅಂಶಗಳು ಒಂದೊಂದಾಗಿ ಕೂಡುತ್ತವೆಯೇ ಎಂದು. ಜಾಮೀನು ಸಿಗಲಿಲ್ಲ ಎಂದ ಮಾತ್ರಕ್ಕೆ ‘ಕೋರ್ಟೇ ಅಶ್ಲೀಲ ಎಂದಿದೆ’ ಎಂದು ಬರೆಯುವ ವರದಿಗಳು ಎಡವುವುದು ಇಲ್ಲೇ.

ದಿಗಂಬರ ಜೈನ ಮುನಿಗಳ ವಿಷಯವೇನು? ಶ್ರವಣಬೆಳಗೊಳದ ರಸ್ತೆಯಲ್ಲಿ ಅವರು ನಡೆದು ಹೋದರೆ ಜನ ಕೈಮುಗಿಯುತ್ತಾರೆ. 2016ರ ಆಗಸ್ಟಿನಲ್ಲಿ ತರುಣ್ ಸಾಗರ್ ಮಹಾರಾಜರು ಹರಿಯಾಣ ವಿಧಾನಸಭೆಯಲ್ಲೇ ಪ್ರವಚನ ಮಾಡಿದರು. ಧರ್ಮಕ್ಕೆ ವಿನಾಯಿತಿ ಇದೆ ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಕಾನೂನಿನ ಪುಟ ತೆರೆದರೆ ಅದು ಅರ್ಧ ಸತ್ಯ. ವಿನಾಯಿತಿ ಇರುವುದು ಹಳೆಯ 292, ಈಗಿನ 294ರಲ್ಲಿ: ಧಾರ್ಮಿಕ ಉದ್ದೇಶಕ್ಕೆ ಪ್ರಾಮಾಣಿಕವಾಗಿ ಬಳಸುವ ವಸ್ತು, ದೇವಾಲಯದ ಅಥವಾ ಪ್ರಾಚೀನ ಸ್ಮಾರಕದ ಶಿಲ್ಪ, ಚಿತ್ರ, ತೇರಿನ ಕೆತ್ತನೆ. ಗೊಮ್ಮಟನ ಮೂರ್ತಿ, ಬೇಲೂರಿನ ಶಿಲ್ಪ ಅದರೊಳಗೆ ಬರುತ್ತವೆ. ನಡೆದಾಡುವ ಮುನಿಗೆ 296ರಲ್ಲಿ ಬರೆದಿಟ್ಟ ವಿನಾಯಿತಿ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ಕಾಮದ ಸೋಂಕಿಲ್ಲದ ವೈರಾಗ್ಯದ ನಗ್ನತೆ ಅಶ್ಲೀಲ ಕೃತ್ಯವೇ ಆಗುವುದಿಲ್ಲ, ಮೊದಲ ಮೆಟ್ಟಿಲಲ್ಲೇ ಪ್ರಶ್ನೆ ನಿಂತುಹೋಗುತ್ತದೆ. ಹಾಗೆಂದು ಧರ್ಮದ ಹೆಸರು ಹೇಳಿದರೆ ಎಲ್ಲವೂ ನಡೆಯುತ್ತದೆ ಎಂದಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆ 1986ರ ಘರ್ಷಣೆಯ ನಂತರ ನಿಷೇಧಕ್ಕೆ ಒಳಗಾಯಿತು. ಅಲ್ಲಿ ಪ್ರಶ್ನೆ ಅಶ್ಲೀಲತೆಯದಾಗಿರಲಿಲ್ಲ. ಸೇವೆಗೆ ಬರುತ್ತಿದ್ದ ಬಡ, ದಲಿತ ಹೆಂಗಸರ ಘನತೆಯದಾಗಿತ್ತು.

ಇನ್ನು ಜಾಗದ ಮಾತು. ಕಲಮಿನ ಒಕ್ಕಣೆಯನ್ನು ನಿಧಾನವಾಗಿ ಓದಿದರೆ ಒಂದು ಸೂಕ್ಷ್ಮ ಕಾಣುತ್ತದೆ. ಕೃತ್ಯ ಸಾರ್ವಜನಿಕ ಸ್ಥಳದಲ್ಲೇ ನಡೆಯಬೇಕು. ಹಾಡು, ಮಾತಿಗೆ ಮಾತ್ರ ‘ಅಥವಾ ಅದರ ಸಮೀಪ’ ಎಂಬ ಸೇರ್ಪಡೆ ಇದೆ. ಹಾಗಾಗಿ ತನ್ನ ಮನೆಯ ಜಗಲಿಯಲ್ಲಿ ನಿಂತು ಬೀದಿಗೆ ಕೇಳುವಂತೆ ಅಶ್ಲೀಲವಾಗಿ ಬೈದವನು ಸಿಕ್ಕಿಬೀಳಬಹುದು, ಅದೇ ಮನೆಯೊಳಗೆ ಬೆತ್ತಲೆ ಓಡಾಡಿ ಕಿಟಕಿಯಿಂದ ಕಂಡವನ ಮೇಲೆ 296 ನಿಲ್ಲುವುದು ಕಷ್ಟ. ಮುಂಬೈಯ ಅಂಧೇರಿಯ ಫ್ಲ್ಯಾಟೊಂದರಲ್ಲಿ ಅರೆಬಟ್ಟೆಯ ಹೆಂಗಸರು ಕುಣಿಯುತ್ತಿದ್ದಾರೆ ಎಂಬ ದೂರಿನ ಮೇಲೆ ಪೊಲೀಸರು ಹದಿಮೂರು ಗಂಡಸರ ವಿರುದ್ಧ ಪ್ರಕರಣ ದಾಖಲಿಸಿದ್ದರು. 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು: ಖಾಸಗಿ ಫ್ಲ್ಯಾಟು ಸಾರ್ವಜನಿಕ ಸ್ಥಳವಲ್ಲ.

ಈ ತೂತನ್ನು ರಾಜ್ಯಗಳ ಪೊಲೀಸ್ ಕಾಯ್ದೆಗಳು ಮುಚ್ಚುವುದುಂಟು. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 110ನೇ ಕಲಂ ಬೇಕೆಂದೇ ಅಸಭ್ಯವಾಗಿ ಮೈ ತೋರಿಸುವುದನ್ನು ಹೆಸರಿಸಿಯೇ ನಿಷೇಧಿಸುತ್ತದೆ. ಮನೆಯೊಳಗಿಂದಾದರೂ ಸರಿ, ಬೀದಿಗೆ ಕಾಣುವಂತಿದ್ದರೆ ಸಾಕು. ಶಿಕ್ಷೆ ಚಿಕ್ಕದು, ಆದರೆ ಇಲ್ಲಿ ಕಿರಿಕಿರಿಯ ಸಾಕ್ಷ್ಯವೂ ಬೇಕಿಲ್ಲ.

ಟಿಕೆಟ್ ಕೊಟ್ಟು ಒಳಹೋಗುವ ಹೋಟೆಲ್ ಹಾಲ್ ಯಾವ ಗುಂಪಿಗೆ ಸೇರುತ್ತದೆ? ಇಲ್ಲಿ ಹೈಕೋರ್ಟುಗಳೇ ಒಂದು ಮಾತಿಗೆ ಬಂದಿಲ್ಲ. ದುಬಾರಿ ಟಿಕೆಟ್ ಇದ್ದರೂ ಅದು ಸಾರ್ವಜನಿಕ ಸ್ಥಳವೇ, ಟಿಕೆಟ್ ಕೊಂಡವನು ಅಶ್ಲೀಲತೆಗೆ ಒಪ್ಪಿಗೆ ಕೊಟ್ಟ ಹಾಗಲ್ಲ ಎಂದು ಕೇರಳ ಹೈಕೋರ್ಟ್ ಎಂಬತ್ತರ ದಶಕದ ಕ್ಯಾಬರೆ ಪ್ರಕರಣವೊಂದರಲ್ಲಿ ಹೇಳಿತು. 2004ರಲ್ಲಿ ಬಾಂಬೆ ಹೈಕೋರ್ಟ್ ಬೇರೆ ದಾರಿ ಹಿಡಿಯಿತು: ಕುಣಿತ ನೋಡಲೆಂದೇ ದುಡ್ಡು ಕೊಟ್ಟು ಬಂದವರಲ್ಲಿ ಯಾರಿಗೆ ಕಿರಿಕಿರಿಯಾಯಿತು ಎಂದು ತೋರಿಸದೆ ಅಪರಾಧ ಪೂರ್ಣವಾಗದು. ಬಾಂಬೆಯ ನಿಲುವೇ ಕಲಮಿನ ಒಕ್ಕಣೆಗೆ ಹತ್ತಿರ ಎಂದು ನಮಗನಿಸುತ್ತದೆ. ‘ಇತರರಿಗೆ ಕಿರಿಕಿರಿಯಾಗುವಂತೆ’ ಎಂಬ ಮಾತನ್ನು ಶಾಸಕಾಂಗ ಸುಮ್ಮನೆ ಸೇರಿಸಿದ್ದಲ್ಲ. ಅದಿಲ್ಲದಿದ್ದರೆ ಪೊಲೀಸರ ಅಭಿರುಚಿಯೇ ಕಾನೂನಾಗಿಬಿಡುತ್ತದೆ.

2023ರ ನಾಗಪುರ ಪ್ರಕರಣದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಉಮರೇಡ್ ಬಳಿಯ ರೆಸಾರ್ಟಿನ ಹಾಲಿನಲ್ಲಿ ತುಂಡು ಲಂಗ ತೊಟ್ಟ ಆರು ಹೆಂಗಸರು ಕುಣಿಯುತ್ತಿದ್ದರು, ಪ್ರೇಕ್ಷಕರು ಹತ್ತು ರೂಪಾಯಿಯ ನಕಲಿ ನೋಟುಗಳನ್ನು ತೂರುತ್ತಿದ್ದರು. ದಾಳಿ ಮಾಡಿದ ಪೊಲೀಸರು 294 ಹಾಕಿದರು. ತುಂಡು ಬಟ್ಟೆಯಾಗಲಿ, ಪೊಲೀಸರು ಅಸಭ್ಯ ಎಂದುಕೊಂಡ ಹಾವಭಾವವಾಗಲಿ ತಾನಾಗಿಯೇ ಅಶ್ಲೀಲವಾಗದು, ಅದನ್ನು ತೀರ್ಮಾನಿಸುವ ಕೆಲಸವನ್ನು ಪೊಲೀಸ್ ಅಧಿಕಾರಿಯ ಕೈಗೆ ಬಿಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಎಫ್‌ಐಆರ್ ರದ್ದು ಮಾಡಿತು. ಅಲ್ಲಿದ್ದ ಪ್ರೇಕ್ಷಕರಲ್ಲಿ ಒಬ್ಬನೂ ದೂರಿರಲಿಲ್ಲ.

ಇಂಟರ್ನೆಟ್ ಬಂದ ಮೇಲೆ ಈ ಅಂಶ ಇನ್ನಷ್ಟು ಜಟಿಲವಾಗಿದೆ. 2020ರ ನವೆಂಬರಿನಲ್ಲಿ ನಟ, ರೂಪದರ್ಶಿ ಮಿಲಿಂದ್ ಸೋಮನ್ ಗೋವಾದ ಕಡಲತಡಿಯಲ್ಲಿ ಬೆತ್ತಲೆ ಓಡಿದ ಫೋಟೊ ಹಾಕಿದಾಗ ಕೊಲ್ವಾ ಪೊಲೀಸರು ಐಪಿಸಿ 294 ಮತ್ತು ಐಟಿ ಕಾಯ್ದೆಯ 67ನ್ನು ಜೊತೆಯಾಗಿ ಹಾಕಿದರು. ದೂರು ಬಂದದ್ದು ಫೋಟೊ ಹರಿದಾಡಿದ ಮೇಲೆ, ಸಂಘಟನೆಯೊಂದರಿಂದ. ಇಲ್ಲಿ ವಕೀಲರು ಮೊದಲು ಬೇರ್ಪಡಿಸಬೇಕಾದದ್ದು ಓಟವನ್ನು ಮತ್ತು ಫೋಟೊವನ್ನು. ಓಟಕ್ಕೆ 294 ನಿಲ್ಲಬೇಕಾದರೆ ಆ ಹೊತ್ತಿಗೆ ಆ ಮರಳಿನ ಮೇಲಿದ್ದ ಯಾರಿಗೋ ಕಿರಿಕಿರಿಯಾಗಿರಬೇಕು. ಫೋಟೊಗೆ ಐಟಿ ಕಾಯ್ದೆಯ 67, ಅದಕ್ಕೆ ಕಿರಿಕಿರಿ ಬೇಡ, ಆದರೆ ಕಾಮಪ್ರಚೋದಕ ಎಂದು ತೋರಿಸಬೇಕು. ಅದರ ಶಿಕ್ಷೆ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ ಮತ್ತು 5 ಲಕ್ಷದವರೆಗೆ ದಂಡ, ಬೀದಿಯ ಕೃತ್ಯಕ್ಕಿಂತ ಎಷ್ಟೋ ಪಾಲು ಹೆಚ್ಚು. ವಿದ್ಯುನ್ಮಾನ ರೂಪದ ಅಶ್ಲೀಲ ವಸ್ತುವಿಗೆ ಐಟಿ ಕಾಯ್ದೆಯೇ ಅನ್ವಯ, ಅದರ ಜೊತೆ ಐಪಿಸಿ 292 ಹೊರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ.

ಇಷ್ಟು ಹೊತ್ತು ನೋಡಿದ್ದು ಆರೋಪಿಗೆ ಅನುಕೂಲವಾದ ತೀರ್ಪುಗಳನ್ನು. ಬಸ್ಸಿನಲ್ಲಿ, ಪಾರ್ಕಿನಲ್ಲಿ, ಕಾಲೇಜಿನ ಗೇಟಿನೆದುರು ಹೆಣ್ಣುಮಕ್ಕಳಿಗೆ ಬೇಕೆಂದೇ ಗುಪ್ತಾಂಗ ತೋರಿಸುವವನ ಕತೆ ಬೇರೆ. ಅಲ್ಲಿ ಅಭಿರುಚಿಯ ಚರ್ಚೆಯೇ ಹುಟ್ಟದು. ಅವನ ಮೇಲೆ ಬರೀ 296 ಹಾಕಿ ಕೈತೊಳೆದುಕೊಳ್ಳುವುದು ಠಾಣೆಗಳಲ್ಲಿ ಆಗುವ ಸಾಮಾನ್ಯ ತಪ್ಪು. ಜೊತೆಗೆ ಬರಬೇಕಾದದ್ದು 79ನೇ ಕಲಂ, ಹಳೆಯ 509: ಹೆಣ್ಣಿನ ಮಾನಕ್ಕೆ ಅವಮಾನ ಮಾಡುವ ಉದ್ದೇಶದಿಂದ ಮಾತು, ಸದ್ದು, ಸನ್ನೆ ಅಥವಾ ಯಾವುದೇ ವಸ್ತುವಿನ ಪ್ರದರ್ಶನ. ಶಿಕ್ಷೆ ಮೂರು ವರ್ಷದವರೆಗೆ ಸಾದಾ ಸಜೆ ಮತ್ತು ದಂಡ. ಇದಕ್ಕೆ ಸಾರ್ವಜನಿಕ ಸ್ಥಳ ಬೇಕಿಲ್ಲ, ಕಚೇರಿಯ ಲಿಫ್ಟಿನಲ್ಲಿ ನಡೆದರೂ ಸರಿ, ವಿಡಿಯೊ ಕಾಲ್‌ನಲ್ಲಿ ನಡೆದರೂ ಸರಿ. ಮೈ ಮುಟ್ಟಿದ್ದರೆ 75ನೇ ಕಲಮೂ ಸೇರುತ್ತದೆ.

ಎದುರಿಗಿದ್ದದ್ದು ಹದಿನೆಂಟು ತುಂಬದ ಮಗುವಾದರೆ ಪೋಕ್ಸೊ ಕಾಯ್ದೆಯ 11ನೇ ಕಲಂ. 79ರಲ್ಲಿ ಇಲ್ಲದ ಎರಡು ಪದಗಳು ಇಲ್ಲಿವೆ: ‘ದೇಹದ ಭಾಗ’. ಅಂಗ ತೋರಿಸುವುದು ಸನ್ನೆಯೋ ವಸ್ತುವೋ ಎಂಬ ವಾದಕ್ಕೆ ಅವಕಾಶವೇ ಉಳಿಯದು. ಮಗು ಗಂಡಾಗಲಿ ಹೆಣ್ಣಾಗಲಿ ಕಲಂ ಒಂದೇ. ಲೈಂಗಿಕ ಉದ್ದೇಶ ಇರಬೇಕು, ನಿಜ, ಆದರೆ 30ನೇ ಕಲಮಿನ ಪ್ರಕಾರ ಆ ಮನಸ್ಥಿತಿ ಇತ್ತೆಂದೇ ವಿಶೇಷ ನ್ಯಾಯಾಲಯ ಭಾವಿಸಬೇಕು, ಇರಲಿಲ್ಲವೆಂದು ತೋರಿಸುವ ಹೊರೆ ಆರೋಪಿಯದು. 2021ರ ಜನವರಿಯಲ್ಲಿ ನಾಗಪುರ ಪೀಠ, ಬಾಲಕಿಯ ಕೈ ಹಿಡಿದು ತನ್ನ ಪ್ಯಾಂಟಿನ ಜಿಪ್ ತೆರೆದದ್ದು ಪೋಕ್ಸೊ ಅಡಿ ಲೈಂಗಿಕ ಹಲ್ಲೆಯಲ್ಲ ಎಂದಿತ್ತು. ಅದೇ ವರ್ಷದ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನೋಡಬೇಕಾದದ್ದು ಲೈಂಗಿಕ ಉದ್ದೇಶವನ್ನು, ಚರ್ಮಕ್ಕೆ ಚರ್ಮ ತಾಗಿತೇ ಎಂಬುದನ್ನಲ್ಲ.

ಉದ್ದೇಶ ಎಂಬುದು ಮನಸ್ಸಿನೊಳಗಿನದು, ಕೋರ್ಟು ಅದನ್ನು ಹೊರಗಿನ ಗುರುತುಗಳಿಂದ ಓದುತ್ತದೆ. ಗೋಡೆಗೆ ಮುಖಮಾಡಿ ಮೂತ್ರ ಮಾಡಿದವನು ನಗರಪಾಲಿಕೆಯ ನಿಯಮಕ್ಕೋ ಸಾರ್ವಜನಿಕ ಉಪದ್ರವದ ಕಲಮಿಗೋ ಸಿಗುತ್ತಾನೆ, ಅದು ಅಶ್ಲೀಲ ಕೃತ್ಯವಾಗದು. ಅವನೇ ಜನರ ಕಡೆ ತಿರುಗಿದನೇ, ಕೂಗಿಯೋ ಸಿಳ್ಳೆ ಹಾಕಿಯೋ ಗಮನ ಸೆಳೆದನೇ, ಹುಡುಗಿ ಜಾಗ ಬದಲಿಸಿದಾಗ ಅವನೂ ಸರಿದನೇ, ಮರುದಿನ ಅದೇ ಹೊತ್ತಿಗೆ ಬಂದನೇ ಎಂಬುವು ಉದ್ದೇಶವನ್ನು ಹೊರಗೆಡಹುತ್ತವೆ. ಆದರೆ ದೂರಿನಲ್ಲಿ ‘ಅಸಭ್ಯವಾಗಿ ವರ್ತಿಸಿದ’ ಎಂದಷ್ಟೇ ಬರೆದಿದ್ದರೆ ಇದ್ಯಾವುದೂ ದಾಖಲೆಗೆ ಬರುವುದಿಲ್ಲ, ಪಾಟೀ ಸವಾಲಿನಲ್ಲಿ ವಕೀಲರು ‘ಇದನ್ನು ಮೊದಲು ಹೇಳಿಯೇ ಇಲ್ಲವಲ್ಲ’ ಎಂದು ಹಿಡಿಯುತ್ತಾರೆ. ಮುಜುಗರದಿಂದ ಮುಚ್ಚಿಟ್ಟ ಮಾತೇ ಆರೋಪಿಯನ್ನು ಬಿಡಿಸುತ್ತದೆ. ಯಾವ ಅಂಗ, ಎಷ್ಟು ಅಡಿ ದೂರ, ಬೆಳಕು ಎಲ್ಲಿಂದ, ಎಷ್ಟು ಹೊತ್ತು, ಏನು ಅಂದ, ನಿಮಗೆ ಏನನ್ನಿಸಿತು ಎಂಬುದನ್ನು ನೇರ ಮಾತಿನಲ್ಲಿ ಬರೆಸಬೇಕು. ಬೈಗುಳದ ಪ್ರಕರಣದಲ್ಲಿ ಆಡಿದ ಪದಗಳನ್ನೇ ಬರೆಯಬೇಕು. ದಾಖಲೆಯಲ್ಲಿ ಪದಗಳೇ ಇಲ್ಲದ ಪ್ರಕರಣವೊಂದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ವಜಾ ಮಾಡಿದೆ.

ಸಿಸಿಟಿವಿ ದೃಶ್ಯ ಇದ್ದರೆ ಅದೇ ದಿನ ಲಿಖಿತವಾಗಿ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವ ಯಂತ್ರಗಳು ಯಾರಿಗೂ ಕಾಯುವುದಿಲ್ಲ. ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ನಮೂದಾಗಿರಬೇಕು. ಎಷ್ಟೋ ಕಡೆ ಪೆನ್‌ಡ್ರೈವ್ ಇರುತ್ತದೆ, ಪ್ರಮಾಣಪತ್ರ ಇರುವುದಿಲ್ಲ. ಕಾಲಮಿತಿಯೂ ಇದೆ: 296ಕ್ಕೆ ಒಂದು ವರ್ಷದೊಳಗೆ, 79ಕ್ಕೆ ಮೂರು ವರ್ಷದೊಳಗೆ ದೂರು ದಾಖಲಾಗಬೇಕು. ದೂರು ತಡವಾಗಿ ವರ್ಷ ದಾಟಿದರೆ 296 ಅಲ್ಲೇ ಸಾಯಬಹುದು. 79ನ್ನು ಮೊದಲೇ ಸೇರಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬೀದಿಯಲ್ಲಿ ಬೆತ್ತಲೆ ಅಲೆಯುತ್ತಿರುವವರು ಮಾನಸಿಕ ಅಸ್ವಸ್ಥರಂತೆ ಕಂಡರೆ ಎಫ್‌ಐಆರ್ ದಾರಿಯೇ ಅಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಕಲಮಿನ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ.

ಇನ್ನು 296ರ ಆರೋಪ ಹೊತ್ತವರಿಗೆ. ‘ಒಪ್ಕೊಂಡ್ಬಿಡಿ, ದಂಡ ಕಟ್ಟಿ ಮನೆಗೆ ಹೋಗಿ’ ಎಂಬ ಸಲಹೆ ಕೋರ್ಟಿನ ಆವರಣದಲ್ಲಿ ಧಾರಾಳವಾಗಿ ಸಿಗುತ್ತದೆ. ತಪ್ಪೊಪ್ಪಿಗೆಯೂ ಶಿಕ್ಷೆಯೇ, ದಾಖಲೆಯಲ್ಲಿ ಉಳಿಯುತ್ತದೆ. ಆರಂಭದಲ್ಲಿ ಹೇಳಿದ 1996ರ ತೀರ್ಪು ಬಂದದ್ದು ಇಂಥದ್ದೇ ಪ್ರಸಂಗದಲ್ಲಿ. ಹರಿಯಾಣದ ಕೆಳದರ್ಜೆಯ ಸರ್ಕಾರಿ ನೌಕರನೊಬ್ಬ 294ರ ಆರೋಪವನ್ನು ಒಪ್ಪಿಕೊಂಡು 20 ರೂಪಾಯಿ ದಂಡ ಕಟ್ಟಿದ್ದ. ನೈತಿಕ ಅಧಃಪತನದ ಅಪರಾಧ ಎಂದು ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು, ಕೆಳಗಿನ ಕೋರ್ಟುಗಳೂ ಹೈಕೋರ್ಟೂ ಅದನ್ನೇ ಎತ್ತಿಹಿಡಿದವು. ಅವನು ಮಾಡಿದ್ದಾದರೂ ಏನು, ಯಾರಿಗೆ ಕಿರಿಕಿರಿಯಾಯಿತು ಎಂಬುದು ತಿಳಿಯದೆ ಅಧಃಪತನ ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ ಅವನ ಪರ ತೀರ್ಪಿತ್ತಿತು. 2,000 ರೂಪಾಯಿ ಆಸುಪಾಸಿನ ಬರೀ ದಂಡದ ಶಿಕ್ಷೆ ಸರ್ಕಾರಿ ನೌಕರಿಗೆ ಅಡ್ಡಿಯಾಗದಂತೆ ಕಾನೂನು ಮಾಡುವುದನ್ನು ಸಂಸತ್ತು ಯೋಚಿಸಲಿ ಎಂದೂ ಸೇರಿಸಿತು.